ಕರ್ನಲ್ ಕಂಪೈಲ್ ಪದೇ ಪದೇ ನಿಲ್ಲುತ್ತಿದೆ, ಎಲ್ಲಿಂದ ಹುಡುಕಲಿ?

ಪ್ರಶ್ನೆ: ಕಾಲೇಜು ಪ್ರಾಜೆಕ್ಟ್‌ಗಾಗಿ 6.6 ಸರಣಿಯ ಲಿನಕ್ಸ್ ಕರ್ನಲ್ ಅನ್ನು ನಾನೇ ಕಂಪೈಲ್ ಮಾಡಬೇಕಾಗಿದೆ. ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04 ಇದೆ, ರ‍್ಯಾಮ್ 8 ಜಿಬಿ, ಎಂಟು ಥ್ರೆಡ್. ಬೂಟ್ ಫೋಲ್ಡರ್‌ನಲ್ಲಿದ್ದ ಉಬುಂಟುವಿನ ಕಾನ್ಫಿಗ್ ಕಡತವನ್ನೇ ನಕಲು ಮಾಡಿಕೊಂಡು 'ಮೇಕ್ -ಜೆ8' ಕೊಟ್ಟೆ. ಮೊದಲು ಓಪನ್‌ಎಸ್‌ಎಸ್‌ಎಲ್‌ನ ಹೆಡರ್ ಇಲ್ಲ ಎಂದಿತು. ಓಪನ್‌ಎಸ್‌ಎಸ್‌ಎಲ್ ಇನ್‌ಸ್ಟಾಲ್ ಮಾಡಲು ಹೋದರೆ 'ಈಗಾಗಲೇ ಇದೆ' ಎನ್ನುತ್ತದೆ. ಅದು ಹೇಗೋ ಸರಿಹೋದ ಮೇಲೆ 'ಡೆಬಿಯನ್/ಕೆನಾನಿಕಲ್-ಸರ್ಟ್ಸ್.ಪೆಮ್' ತಯಾರಿಸಲು ನಿಯಮವಿಲ್ಲ ಎಂದು ನಿಂತಿತು. ಅದನ್ನೂ ದಾಟಿದರೆ ಕೊನೆಯಲ್ಲಿ ಬಿಟಿಎಫ್ ಎಂಬ ಸಾಲಿನ ಹತ್ತಿರ ಬರೀ 'ಕಿಲ್ಡ್' ಎಂದು ಬರುತ್ತದೆ. -ಜೆ8 ತೆಗೆದು -ಜೆ1 ಹಾಕಿದರೂ ಅದೇ ಕಥೆ. ಪ್ರತಿ ಸಲ 'ಮೇಕ್ ಎಂಆರ್‌ಪ್ರಾಪರ್' ಕೊಟ್ಟು ಮೊದಲಿಂದ ಶುರು ಮಾಡುತ್ತೇನೆ, ಅರ್ಧ ದಿನ ಹೋಗುತ್ತದೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ನಿಮಗೆ ಬಂದ ಮೂರು ದೋಷಗಳ ಮೂಲ ಮೂರು ಬೇರೆ ಬೇರೆ ಕಡೆ ಇದೆ. ಮೂರಕ್ಕೂ 'ಮತ್ತೆ ಮೊದಲಿಂದ' ಎಂಬ ಒಂದೇ ಮದ್ದು ಕೊಟ್ಟಿದ್ದರಿಂದ ಅರ್ಧ ದಿನ ಹೋಗುತ್ತಿದೆ. ಒಂದೊಂದಾಗಿ ನೋಡೋಣ. ಕಮಾಂಡ್‌ಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಮನದಟ್ಟಾಗಬೇಕು. ಕರ್ನಲ್ ಯಾವ ಲೈಬ್ರರಿಯನ್ನೂ ಬಳಸುವುದಿಲ್ಲ. ಸಾಮಾನ್ಯ ಸಿ ಪ್ರೋಗ್ರಾಮಿಗೆ ಬೇಕಾದ ಲಿಬ್‌ಸಿ ಕೂಡ ಅದಕ್ಕೆ ಬೇಡ; ತನಗೆ ಬೇಕಾದ್ದನ್ನೆಲ್ಲ ತನ್ನ ಸೋರ್ಸ್‌ನೊಳಗೇ ಇಟ್ಟುಕೊಂಡಿದೆ. ಹಾಗಿದ್ದ ಮೇಲೆ ಓಪನ್‌ಎಸ್‌ಎಸ್‌ಎಲ್, ಲಿಬ್‌ಎಲ್ಫ್, ಎನ್‌ಕರ್ಸಸ್ ಇವೆಲ್ಲ ಯಾರಿಗೆ ಬೇಕು? ಕರ್ನಲ್ ಕಟ್ಟುವ ಹೊತ್ತಿನಲ್ಲಿ ನಿಮ್ಮ ಗಣಕದ ಮೇಲೆಯೇ ಓಡುವ ಚಿಕ್ಕ ಚಿಕ್ಕ ಸಹಾಯಕ ಪ್ರೋಗ್ರಾಮುಗಳಿಗೆ. ಮಾಡ್ಯೂಲ್‌ಗಳಿಗೆ (ಬೇಕಾದಾಗ ಕರ್ನಲ್‌ಗೆ ಸೇರಿಕೊಳ್ಳುವ ತುಣುಕುಗಳಿಗೆ) ಸಹಿ ಹಾಕುವ 'ಸೈನ್-ಫೈಲ್', ಸರ್ಟಿಫಿಕೇಟ್ ಬಿಡಿಸಿಕೊಡುವ 'ಎಕ್ಸ್‌ಟ್ರಾಕ್ಟ್-ಸರ್ಟ್', ಕಂಪೈಲ್ ಆದ ಪ್ರತಿ ಕಡತವನ್ನು ತಪಾಸಣೆ ಮಾಡುವ 'ಆಬ್ಜ್‌ಟೂಲ್', ಕರ್ನಲ್ ಆಯ್ಕೆಗಳನ್ನು ಬದಲಿಸುವ ಮೆನುಕಾನ್ಫಿಗ್‌ನ ನೀಲಿ ಪರದೆ ಎಲ್ಲವೂ ಈ ಗುಂಪಿನವು. ಮನೆ ಕಟ್ಟುವಾಗ ಸಾರುವೆ ಇರುತ್ತದಲ್ಲ, ಹಾಗೆ. ಸಾರುವೆಯ ಬೊಂಬು ಮುರಿದರೆ ಗೋಡೆ ಒಡೆಯಬೇಕಿಲ್ಲ. ಹೆಡರ್ ಕಡತ ಸಿಗುತ್ತಿಲ್ಲ ಎಂಬ ದೋಷ ಬಂದಾಗ ಕರ್ನಲ್ ಸೋರ್ಸನ್ನು ತಿದ್ದಲು ಹೋಗುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ದೋಷ ಯಾವ ಕಡೆಯದು ಎಂದು ಬಿಲ್ಡ್ ವ್ಯವಸ್ಥೆಯೇ ಹೇಳುತ್ತದೆ. ಪರದೆಯ ಮೇಲೆ ಓಡುವ ಪ್ರತಿ ಸಾಲಿನ ಮುಂದೆ ಒಂದು ಗುರುತು ಇರುತ್ತದೆ. 'ಹೋಸ್ಟ್‌ಸಿಸಿ' ಎಂದಿದ್ದರೆ ಅಲ್ಲಿ ಸಹಾಯಕ ಪ್ರೋಗ್ರಾಮು ಕಂಪೈಲ್ ಆಗುತ್ತಿದೆ; ತೊಂದರೆ ನಿಮ್ಮ ಉಬುಂಟುವಿನಲ್ಲಿ ಯಾವುದೋ ಪ್ಯಾಕೇಜ್ ಇಲ್ಲದ್ದು. ಬರೀ 'ಸಿಸಿ' ಎಂದಿದ್ದರೆ ಕರ್ನಲ್‌ನದೇ ಕಡತ. ಅಲ್ಲಿ ಕಂಪೈಲರ್ ಆವೃತ್ತಿ ಅಥವಾ ಕಾನ್ಫಿಗ್ ಮೇಲೆ ಸಂಶಯಪಡಿ. ಅದರ ಪಕ್ಕ ಆವರಣದಲ್ಲಿ 'ಎಂ' ಇದ್ದರೆ ಮಾಡ್ಯೂಲ್. 'ಎಲ್‌ಡಿ', 'ಬಿಟಿಎಫ್' ಸಾಲುಗಳಲ್ಲಿ ನಿಂತರೆ ಮೊದಲು ಮೆಮೊರಿ ನೋಡಿ. ಒಂದೇ ಒಂದು ಅಪವಾದ ಗಮನದಲ್ಲಿರಲಿ: 'ಟೂಲ್ಸ್/ಆಬ್ಜ್‌ಟೂಲ್' ಎಂಬ ಹಾದಿ ಇರುವ ಸಾಲಿನಲ್ಲಿ 'ಸಿಸಿ' ಎಂದೇ ಕಂಡರೂ ಅದು ಸಹಾಯಕ ಪ್ರೋಗ್ರಾಮೇ.

ಇನ್ನು ನಿಜವಾದ ದೋಷದ ಸಾಲನ್ನು ಹಿಡಿಯುವುದು. ಎಂಟು ಕೆಲಸ ಒಟ್ಟಿಗೆ ಓಡುವಾಗ ಒಂದು ಬಿದ್ದರೂ ಉಳಿದ ಏಳು ತಮ್ಮ ಪಾಡಿಗೆ ಮುಗಿಸಿಯೇ ನಿಲ್ಲುತ್ತವೆ. ಹಾಗಾಗಿ ಪರದೆಯ ತಳದಲ್ಲಿ ಕಾಣುವುದು ದೋಷವಲ್ಲ, ಅದರ ಬಾಲ. 'ಮೇಕ್: *** ಎರರ್ 2' ಎಂಬ ಸಾಲಿಗೆ 'ಒಳಗಿನ ಮೇಕ್ ಸೋತಿತು' ಎನ್ನುವುದರ ಹೊರತು ಬೇರೆ ಅರ್ಥವಿಲ್ಲ, ಅದನ್ನು ಹಿಡಿದು ಹುಡುಕಿದರೆ ಲೋಕದ ಎಲ್ಲ ದೋಷಗಳೂ ಸಿಗುತ್ತವೆ, ನಿಮ್ಮದು ಸಿಗುವುದಿಲ್ಲ. ಹೀಗೆ ಮಾಡಿ: 'ಮೇಕ್ -ಜೆ4 2>&1 | ಟೀ ಬಿಲ್ಡ್.ಲಾಗ್'. ನಿಂತ ಮೇಲೆ ಆ ಕಡತದಲ್ಲಿ ಮೇಲಿನಿಂದ ಕೆಳಕ್ಕೆ ಮೂರನ್ನು ಹುಡುಕಿ: ಕೋಲನ್ ಸಮೇತ 'ಎರರ್:', ಮೂರು ನಕ್ಷತ್ರ ಚಿಹ್ನೆ, ಮತ್ತು 'ನಾಟ್ ಫೌಂಡ್'. ಕೋಲನ್ ಬಿಡಬೇಡಿ, ಕರ್ನಲ್‌ನಲ್ಲಿ ಹೆಸರಲ್ಲೇ 'ಎರರ್' ಇರುವ ಕಡತಗಳು ಹಲವಿವೆ, ಅವೆಲ್ಲ ಬಂದು ಗೊಂದಲ ಮಾಡುತ್ತವೆ. ಮೊದಲು ಸಿಕ್ಕಿದ್ದೇ ನಿಮ್ಮ ದೋಷ. ಲಾಗ್ ಕಲಸುಮೇಲೋಗರವಾಗಿದ್ದರೆ 'ಮೇಕ್ -ಜೆ1' ಎಂದು ಇನ್ನೊಮ್ಮೆ ಕೊಡಿ: ಆಗಿರುವ ಕೆಲಸ ಮತ್ತೆ ಆಗುವುದಿಲ್ಲ, ಬಿದ್ದ ಕಡತಕ್ಕೇ ಹೋಗಿ ಅದರ ದೋಷವನ್ನೇ ಕೊನೆಯ ಸಾಲಾಗಿ ತೋರಿಸಿ ನಿಲ್ಲುತ್ತದೆ. ಆಗಲೂ ಕಾರಣ ಕಾಣದಿದ್ದರೆ 'ವಿ=1' ಸೇರಿಸಿ, ಕಂಪೈಲರ್‌ಗೆ ಹೋದ ಪೂರ್ತಿ ಆಜ್ಞೆ ಕಾಣುತ್ತದೆ. 'ವಿ=2' ಕೊಟ್ಟರೆ ಪ್ರತಿ ಕಡತವನ್ನು ಯಾಕೆ ಮತ್ತೆ ಕಂಪೈಲ್ ಮಾಡುತ್ತಿದೆ ಎಂಬ ಕಾರಣವನ್ನೂ ಹೇಳುತ್ತದೆ. ಏನೂ ಬದಲಿಸದಿದ್ದರೂ ಎಲ್ಲ ಮೊದಲಿಂದ ಓಡುತ್ತಿದೆ ಎನಿಸಿದಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಈಗ ನಿಮ್ಮ ಮೊದಲ ದೋಷ. 'ಓಪನ್‌ಎಸ್‌ಎಸ್‌ಎಲ್' ಎಂಬ ಪ್ಯಾಕೇಜಿನಲ್ಲಿ ಇರುವುದು ಓಡಿಸುವ ಪ್ರೋಗ್ರಾಮು ಮಾತ್ರ. ಕಂಪೈಲ್ ಮಾಡಲು ಬೇಕಾದ ಹೆಡರ್ ಕಡತಗಳು ಇರುವುದು 'ಲಿಬ್‌ಎಸ್‌ಎಸ್‌ಎಲ್-ಡೆವ್' ಎಂಬ ಬೇರೆ ಪ್ಯಾಕೇಜಿನಲ್ಲಿ. ಡೆಬಿಯನ್, ಉಬುಂಟು ಕುಟುಂಬದಲ್ಲಿ ಲೈಬ್ರರಿಗಳನ್ನು ಹೀಗೇ ಎರಡಾಗಿ ಒಡೆದಿರುತ್ತಾರೆ. ಫೆಡೋರಾದಲ್ಲಿ ಅದೇ 'ಓಪನ್‌ಎಸ್‌ಎಸ್‌ಎಲ್-ಡೆವೆಲ್' ಆಗುತ್ತದೆ. ಒಂದೊಂದೇ ದೋಷ ಬಂದಾಗ ಒಂದೊಂದೇ ಪ್ಯಾಕೇಜ್ ಹಾಕುವ ಬದಲು ಎಲ್ಲವನ್ನೂ ಒಮ್ಮೆಲೇ ಹಾಕಿಬಿಡಿ: 'ಸುಡೋ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್ ಫ್ಲೆಕ್ಸ್ ಬೈಸನ್ ಬಿ.ಸಿ. ಲಿಬ್‌ಎಸ್‌ಎಸ್‌ಎಲ್-ಡೆವ್ ಲಿಬ್‌ಎಲ್ಫ್-ಡೆವ್ ಲಿಬ್‌ಎನ್‌ಕರ್ಸಸ್-ಡೆವ್ ಡ್ವಾರ್ವ್ಸ್ ಸಿಪಿಐಒ ಆರ್‌ಸಿಂಕ್ ಕೆಮಾಡ್ ಝಡ್‌ಎಸ್‌ಟಿಡಿ ಪೈಥಾನ್3 ಫೇಕ್‌ರೂಟ್ ಡೆಬ್‌ಹೆಲ್ಪರ್'. ಬಿ.ಸಿ. ಎಂದು ಚುಕ್ಕೆ ಇಟ್ಟಿದ್ದು ಓದಲೆಂದು ಮಾತ್ರ. ಟೈಪ್ ಮಾಡುವಾಗ ಎರಡೇ ಅಕ್ಷರ.

ಯಾವುದು ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿದಿದ್ದರೆ ಮುಂದೆ ಬೇರೆ ಗಣಕದಲ್ಲೂ ಪರದಾಡಬೇಕಿಲ್ಲ. ಫ್ಲೆಕ್ಸ್, ಬೈಸನ್ ಇಲ್ಲದಿದ್ದರೆ ಕಂಪೈಲ್ ಶುರುವೇ ಆಗುವುದಿಲ್ಲ, ಕಾನ್ಫಿಗ್ ಹಂತದಲ್ಲೇ ನಿಲ್ಲುತ್ತದೆ. ಲಿಬ್‌ಎನ್‌ಕರ್ಸಸ್ ಬೇಕಾಗುವುದು ಮೆನುಕಾನ್ಫಿಗ್‌ಗೆ ಮಾತ್ರ. ಬಿ.ಸಿ. ಇಲ್ಲದಿದ್ದರೆ 'ಟೈಮ್‌ಕಾನ್ಸ್ಟ್.ಎಚ್' ಎಂಬ ಕಡತ ತಯಾರಾಗದು, ಕರ್ನಲ್‌ನ ಗಡಿಯಾರದ ಸ್ಥಿರಾಂಕಗಳನ್ನು ಲೆಕ್ಕ ಹಾಕುವುದು ಅದೇ ಪುಟ್ಟ ಕ್ಯಾಲ್ಕುಲೇಟರ್. ಲಿಬ್‌ಎಲ್ಫ್ ಇಲ್ಲದಿದ್ದರೆ ಆಬ್ಜ್‌ಟೂಲ್ ಕಂಪೈಲ್ ಆಗದೆ 'ಜೆಲ್ಫ್.ಎಚ್ ಇಲ್ಲ' ಎನ್ನುತ್ತದೆ. ಝಡ್‌ಎಸ್‌ಟಿಡಿ, ಸಿಪಿಐಒ ಎರಡೂ ಬಲು ಮೋಸದವು: ಗಂಟೆಗಟ್ಟಲೆ ಎಲ್ಲ ಚೆನ್ನಾಗಿ ಓಡಿ, ಕೊನೆಗೆ ಕರ್ನಲ್ ಚಿತ್ರವನ್ನು ಕುಗ್ಗಿಸುವಾಗ ಅಥವಾ ಹೆಡರ್‌ಗಳ ಕಟ್ಟು ಕಟ್ಟುವಾಗ 'ನಾಟ್ ಫೌಂಡ್' ಎಂದು ಬೀಳುತ್ತದೆ. ಕಾನ್ಫಿಗ್‌ನಲ್ಲಿ ಜಿಸಿಸಿ ಪ್ಲಗಿನ್‌ಗಳು ಆನ್ ಆಗಿದ್ದರೆ ನಿಮ್ಮ ಜಿಸಿಸಿ ಆವೃತ್ತಿಯದೇ ಪ್ಲಗಿನ್-ಡೆವ್ ಪ್ಯಾಕೇಜ್ ಕೂಡ ಬೇಕು, 24.04ರಲ್ಲಾದರೆ 'ಜಿಸಿಸಿ-13-ಪ್ಲಗಿನ್-ಡೆವ್'.

ಪ್ಯಾಕೇಜ್ ಹಾಕಿದ ಮೇಲೆ ಬಹಳ ಜನ ಮರೆಯುವ ಒಂದು ಹೆಜ್ಜೆ ಇದೆ. ಕಾನ್ಫಿಗ್ ವ್ಯವಸ್ಥೆ ತಾನು ಓಡಿದ ಕ್ಷಣದಲ್ಲಿ ಗಣಕದಲ್ಲಿ ಯಾವ ಉಪಕರಣ ಇದೆ, ಯಾವ ಆವೃತ್ತಿ ಎಂದು ಪರೀಕ್ಷಿಸಿ ಅದನ್ನು '.ಕಾನ್ಫಿಗ್' ಕಡತದೊಳಗೇ ಬರೆದಿಡುತ್ತದೆ. ಬಿಟಿಎಫ್ (ಕರ್ನಲ್‌ನ ಡೇಟಾ ವಿಧಗಳ ವಿವರ) ತಯಾರಿಸುವ 'ಪಹೋಲ್' ಎಂಬ ಉಪಕರಣ ಇರುವುದು ಡ್ವಾರ್ವ್ಸ್ ಪ್ಯಾಕೇಜಿನಲ್ಲಿ. ಅದು ಇಲ್ಲದ ಹೊತ್ತಿನಲ್ಲಿ ಕಾನ್ಫಿಗ್ ಓಡಿದ್ದರೆ ಬಿಟಿಎಫ್ ಆಯ್ಕೆ ಸದ್ದಿಲ್ಲದೆ ಆರಿಹೋಗಿರಬಹುದು. ಪ್ಯಾಕೇಜ್ ಆಮೇಲೆ ಹಾಕಿದರೂ ಕಡತದಲ್ಲಿ ಹಳೆಯ ತೀರ್ಮಾನವೇ ಉಳಿದಿರುತ್ತದೆ. ಆದ್ದರಿಂದ ಯಾವುದೇ ಉಪಕರಣ ಹಾಕಿದ, ಬದಲಿಸಿದ ಮೇಲೆ 'ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್' (ಇರುವ ಕಾನ್ಫಿಗ್ ಉಳಿಸಿಕೊಂಡು ಹೊಸ ಆಯ್ಕೆಗಳಿಗೆ ಡೀಫಾಲ್ಟ್ ಉತ್ತರ ತುಂಬುವ ಆಜ್ಞೆ) ಇನ್ನೊಮ್ಮೆ ಕೊಡಿ. ಹಾಗೆ ಆರಿಹೋದ ಆಯ್ಕೆ ತಾನಾಗಿ ಹೊತ್ತಿಕೊಳ್ಳದಿರಬಹುದು. ಅದಕ್ಕೆ ಉಬುಂಟುವಿನ ಮೂಲ ಕಡತವನ್ನೇ ಮತ್ತೆ ನಕಲು ಮಾಡಿಕೊಂಡು ಆಮೇಲೆ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸುವುದು ಒಳ್ಳೆಯದು.

ಎರಡನೆಯ ದೋಷಕ್ಕೂ ಪ್ಯಾಕೇಜಿಗೂ ಸಂಬಂಧವಿಲ್ಲ, ಅದು ಕಾನ್ಫಿಗ್‌ನದು. ಉಬುಂಟು ತನ್ನ ಕರ್ನಲ್ ಕಟ್ಟುವಾಗ ತನ್ನ ಸರ್ಟಿಫಿಕೇಟ್‌ಗಳನ್ನು ಅದರೊಳಗೆ ಸೇರಿಸುತ್ತದೆ. ಆ ಪೆಮ್ ಕಡತಗಳು ಇರುವುದು ಉಬುಂಟುವಿನ ಸೋರ್ಸ್‌ನಲ್ಲಿ. ನೀವು ಇಳಿಸಿಕೊಂಡಿರುವುದು ಮೂಲ ಕರ್ನಲ್ ಸೋರ್ಸ್. ಅದರಲ್ಲಿ 'ಡೆಬಿಯನ್' ಎಂಬ ಫೋಲ್ಡರೇ ಇಲ್ಲ. ಕಾನ್ಫಿಗ್ ಮಾತ್ರ ಆ ಕಡತ ಬೇಕೆಂದು ಹೇಳುತ್ತಿದೆ, ಮೇಕ್‌ಗೆ ಅದನ್ನು ತಯಾರಿಸುವ ದಾರಿ ಗೊತ್ತಿಲ್ಲ. 'ನಿಯಮವಿಲ್ಲ' ಎಂಬ ಆ ಸಂದೇಶಕ್ಕೆ 'ಕಡತ ಇಲ್ಲ' ಎಂದೇ ಅರ್ಥ. ಸೋರ್ಸ್‌ನ ಮೇಲ್ಮಟ್ಟದ ಫೋಲ್ಡರ್‌ನಲ್ಲಿ ನಿಂತು ಎರಡು ಆಜ್ಞೆ ಕೊಡಿ: 'ಸ್ಕ್ರಿಪ್ಟ್ಸ್/ಕಾನ್ಫಿಗ್ --ಸೆಟ್-ಎಸ್‌ಟಿಆರ್ ಸಿಸ್ಟಮ್_ಟ್ರಸ್ಟೆಡ್_ಕೀಸ್ ""', ಆಮೇಲೆ ಅದೇ ರೀತಿ 'ಸಿಸ್ಟಮ್_ರೆವೊಕೇಶನ್_ಕೀಸ್ ""'. ಎರಡನ್ನೂ ಮಾಡಬೇಕು. ಮೊದಲನೆಯದನ್ನು ಮಾತ್ರ ಮಾಡಿದವರಿಗೆ ಸ್ವಲ್ಪ ಹೊತ್ತಿನಲ್ಲೇ 'ಕೆನಾನಿಕಲ್-ರಿವೋಕ್ಡ್-ಸರ್ಟ್ಸ್' ಎಂಬ ಹೆಸರಿನಲ್ಲಿ ಅದೇ ದೋಷ ಮತ್ತೆ ಬರುತ್ತದೆ. ಅಕ್ಕಪಕ್ಕದಲ್ಲೇ ಇರುವ 'ಮಾಡ್ಯೂಲ್_ಸಿಗ್_ಕೀ' ಎಂಬುದನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ 'ಸರ್ಟ್ಸ್/ಸೈನಿಂಗ್_ಕೀ.ಪೆಮ್' ಎಂದಿದ್ದರೆ ಬಿಲ್ಡ್ ವ್ಯವಸ್ಥೆಯೇ ಹೊಸ ಕೀಲಿ ತಯಾರಿಸಿಕೊಳ್ಳುತ್ತದೆ. ಅದನ್ನೂ ಖಾಲಿ ಮಾಡಿದರೆ ಸಹಿ ಹಾಕುವ ಹಂತ ಬೀಳುತ್ತದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. 24.04 ಬಂದದ್ದು 6.8 ಕರ್ನಲ್ ಜತೆ. ನೀವು ಕಟ್ಟುತ್ತಿರುವುದು 6.6. ಹೊಸದರ ಕಾನ್ಫಿಗ್ ಹಳೆಯದಕ್ಕೆ ಕೊಟ್ಟಾಗ 6.6ಕ್ಕೆ ಗೊತ್ತಿಲ್ಲದ ಆಯ್ಕೆಗಳನ್ನು ಓಲ್ಡ್‌ಡೆಫ್‌ಕಾನ್ಫಿಗ್ ಮರುಮಾತಿಲ್ಲದೆ ಬಿಟ್ಟುಬಿಡುತ್ತದೆ. ಸಾಮಾನ್ಯವಾಗಿ ತೊಂದರೆಯಿಲ್ಲ. ಪ್ರಾಜೆಕ್ಟ್‌ಗೆ ಬೇಕಾದ ಆಯ್ಕೆಗಳು ಉಳಿದಿವೆಯೇ ಎಂದು 'ಸ್ಕ್ರಿಪ್ಟ್ಸ್/ಡಿಫ್‌ಕಾನ್ಫಿಗ್' ಬಳಸಿ ಎರಡು ಕಡತಗಳನ್ನು ಹೋಲಿಸಿಕೊಂಡರೆ ಆಮೇಲೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೂರನೆಯದು, 'ಕಿಲ್ಡ್'. ಇದು ಕಂಪೈಲರ್ ದೋಷವಲ್ಲ. ಈಗ ಓಡುತ್ತಿರುವ ನಿಮ್ಮ ಕರ್ನಲ್ ಮೆಮೊರಿ ಸಾಲದೆ ಒಂದು ಪ್ರಕ್ರಿಯೆಯನ್ನು ಕೊಂದಿದೆ. 'ಸುಡೋ ಡಿಮೆಸ್ಗ್' ಕೊಟ್ಟು ಕೊನೆಯಲ್ಲಿ 'ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್' ಎಂಬ ಸಾಲು ನೋಡಿ. ಆವರಣದಲ್ಲಿರುವ ಹೆಸರು ಬಹಳ ಮುಖ್ಯ. 'ಸಿಸಿ1' ಎಂದಿದ್ದರೆ ಒಟ್ಟಿಗೆ ಓಡಿದ ಕಂಪೈಲರ್‌ಗಳು ಹೆಚ್ಚಾಗಿವೆ. ಜೆ ಸಂಖ್ಯೆ ಇಳಿಸಿದರೆ ಸಾಕು. 'ಎಲ್‌ಡಿ' ಆಗಿದ್ದರೆ ಲಿಂಕರ್. ನಿಮ್ಮದರಲ್ಲಿ 'ಪಹೋಲ್' ಎಂದೇ ಇರುವ ಸಾಧ್ಯತೆ ಹೆಚ್ಚು, ಏಕೆಂದರೆ ನಿಂತಿರುವುದು ಬಿಟಿಎಫ್ ಸಾಲಿನಲ್ಲಿ, ಅದೂ -ಜೆ1 ಹಾಕಿದ ಮೇಲೂ.

-ಜೆ1 ಯಾಕೆ ಫಲಿಸಲಿಲ್ಲ ಎಂಬುದೇ ಇಲ್ಲಿನ ಸೂಕ್ಷ್ಮ. ಪಹೋಲ್ ಮಾಡುವ ಕೆಲಸವೆಂದರೆ ಇಡೀ ಕರ್ನಲ್‌ನ ಡೀಬಗ್ ಮಾಹಿತಿಯನ್ನು ಮೆಮೊರಿಗೆ ಎಳೆದುಕೊಂಡು, ಅದರಲ್ಲಿನ ಡೇಟಾ ವಿಧಗಳ ವಿವರವನ್ನು ಬಿಟಿಎಫ್ ಎಂಬ ಚಿಕ್ಕ ರೂಪಕ್ಕೆ ತರುವುದು. ಪಹೋಲ್ 1.22 ಅಥವಾ ಅದಕ್ಕಿಂತ ಹೊಸದಾಗಿದ್ದರೆ 6.6ರ ಬಿಲ್ಡ್ ಸ್ಕ್ರಿಪ್ಟು ಅದಕ್ಕೆ ತಾನೇ ಒಂದು '-ಜೆ' ಸೇರಿಸಿ ಓಡಿಸುತ್ತದೆ. ಸಂಖ್ಯೆ ಇಲ್ಲದ ಆ -ಜೆಗೆ 'ಇರುವ ಎಲ್ಲ ಥ್ರೆಡ್ ಬಳಸು' ಎಂದರ್ಥ. ನೀವು ಮೇಕ್‌ಗೆ ಕೊಟ್ಟ -ಜೆ1 ಅಲ್ಲಿಗೆ ತಲುಪುವುದೇ ಇಲ್ಲ. 8 ಜಿಬಿಯಲ್ಲಿ ಒಂದು ಬ್ರೌಸರ್ ತೆರೆದಿದ್ದರೂ ಸಾಕು, ಮೆಮೊರಿ ಮುಗಿಯುತ್ತದೆ.

ದಾರಿ ಮೂರಿವೆ. ಪ್ರಾಜೆಕ್ಟ್‌ಗೆ ಬಿಪಿಎಫ್ (ಓಡುತ್ತಿರುವ ಕರ್ನಲ್ ಒಳಗೆ ಚಿಕ್ಕ ಪ್ರೋಗ್ರಾಮು ಓಡಿಸುವ ಸೌಲಭ್ಯ; ಬಿಟಿಎಫ್ ಮುಖ್ಯವಾಗಿ ಬೇಕಾಗುವುದು ಅದಕ್ಕೆ) ಬೇಡವೆಂದಾದರೆ ಡೀಬಗ್ ಮಾಹಿತಿಯನ್ನೇ ಪೂರ್ತಿ ತೆಗೆಯಿರಿ. 'ಸ್ಕ್ರಿಪ್ಟ್ಸ್/ಕಾನ್ಫಿಗ್ --ಡಿಸೇಬಲ್ ಡೀಬಗ್_ಇನ್ಫೋ_ಡ್ವಾರ್ಫ್5 --ಎನೇಬಲ್ ಡೀಬಗ್_ಇನ್ಫೋ_ನನ್' ಕೊಟ್ಟು ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿದರೆ ಅದರ ಹಿಂದೆಯೇ ಬಿಟಿಎಫ್ ಕೂಡ ಹೋಗುತ್ತದೆ. ನನ್ನ ಮಟ್ಟಿಗೆ ನಿಮ್ಮ ಲ್ಯಾಪ್‌ಟಾಪ್‌ಗೆ ಇದೇ ಸರಿ: ಸಮಯ, ಡಿಸ್ಕ್, ಮೆಮೊರಿ ಮೂರೂ ಉಳಿಯುತ್ತವೆ. ಡೀಬಗ್ ಮಾಹಿತಿ ಇದ್ದರೆ ಉಬುಂಟು ಕಾನ್ಫಿಗ್‌ನ ಬಿಲ್ಡ್‌ಗೆ 30 ಜಿಬಿ ಖಾಲಿ ಜಾಗ ಇಟ್ಟುಕೊಂಡು ಕೂರುವುದು ಕ್ಷೇಮ. ಇಲ್ಲದಿದ್ದರೆ ಅದರ ಒಂದು ಪಾಲು ಸಾಕು. ಜಾಗ ಮುಗಿದಾಗಲೂ ದೋಷ ಯಾವಾಗಲೂ ನೇರವಾಗಿ ಬರುವುದಿಲ್ಲ, ಕೆಲವೊಮ್ಮೆ ಅರ್ಧ ಬರೆದ ಆಬ್ಜೆಕ್ಟ್ ಕಡತದ ಮೇಲೆ ಲಿಂಕರ್ ವಿಚಿತ್ರವಾಗಿ ದೂರುತ್ತದೆ; 'ಡಿಎಫ್ -ಎಚ್' ಒಮ್ಮೆ ನೋಡಿ.

ಬಿಪಿಎಫ್ ಬೇಕೇ ಬೇಕು ಎಂದರೆ ಸ್ವಾಪ್ ಸೇರಿಸಿ. 'ಸುಡೋ ಫಾಲೊಕೇಟ್ -ಎಲ್ 8ಜಿ /ಸ್ವಾಪ್2', ಅನುಮತಿ 'ಸಿಎಚ್‌ಮಾಡ್ 600', ನಂತರ 'ಎಂಕೆಸ್ವಾಪ್', 'ಸ್ವಾಪ್‌ಆನ್'. ಉಬುಂಟು ಈಗಾಗಲೇ ಒಂದು ಸ್ವಾಪ್ ಕಡತ ಇಟ್ಟಿರುತ್ತದೆ, ಅದರ ಹೆಸರನ್ನೇ ಬಳಸಬೇಡಿ. ಪಹೋಲ್ ನಿಧಾನವಾಗಿ ಓಡುತ್ತದೆ, ಆದರೆ ಮುಗಿಸುತ್ತದೆ. ಮೂರನೆಯ ದಾರಿ, ಬಿಟಿಎಫ್ ಒಂದನ್ನು ಮಾತ್ರ ಆಫ್ ಮಾಡಿ ಡೀಬಗ್ ಮಾಹಿತಿ ಉಳಿಸಿಕೊಳ್ಳುವುದು. ಜಿಡಿಬಿ ಎಂಬ ಡೀಬಗರ್ ಹಿಡಿದು ಕರ್ನಲ್ ಒಳಗೆ ಇಳಿಯುವವರಿಗೆ ಇದು ಬೇಕಾಗುತ್ತದೆ.

ಬಿಟಿಎಫ್ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಹಳೆಯ ಕರ್ನಲ್ ಸೋರ್ಸಿಗೆ ತೀರ ಹೊಸ ಪಹೋಲ್ ಸಿಕ್ಕರೂ ದೋಷವೇ. ಪಹೋಲ್ 1.24ರಿಂದ 64 ಬಿಟ್‌ನ ಇನಮ್‌ಗಳಿಗೆ ಹೊಸ ಬಗೆಯ ದಾಖಲೆ ಬರೆಯುತ್ತದೆ. ಆ ಬಗೆ ಗೊತ್ತಿಲ್ಲದ ಹಳೆಯ ಸೋರ್ಸ್ 'ಫೇಲ್ಡ್: ಲೋಡ್ ಬಿಟಿಎಫ್ ಫ್ರಮ್ ವಿಎಂಲಿನಕ್ಸ್: ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಎಂದು ನಿಲ್ಲುತ್ತದೆ. ಅದಕ್ಕೆ ಪಹೋಲ್ ಇಳಿಸುವುದಕ್ಕಿಂತ ಅದೇ ಸರಣಿಯ ತೀರ ಇತ್ತೀಚಿನ ಸ್ಟೇಬಲ್ ಆವೃತ್ತಿಗೆ ಹೋಗುವುದು ಮೇಲು. ನಿಮಗೂ ಅದೇ ಮಾತು: 6.6 ಬೇಕೆಂದರೆ 6.6.0 ಅಲ್ಲ, ಆ ಸರಣಿಯ ಕೊನೆಯ ಬಿಡುಗಡೆ ತೆಗೆದುಕೊಳ್ಳಿ. ಇಂಥ ಉಪಕರಣಗಳ ಜಗಳಗಳನ್ನು ಬಗೆಹರಿಸುವ ತಿದ್ದುಪಡಿಗಳು ಸ್ಟೇಬಲ್ ಸರಣಿಗೆ ಬರುತ್ತಲೇ ಇರುತ್ತವೆ.

ಕಂಪೈಲರ್‌ಗೂ ಇದೇ ನಿಯಮ. ಹಳತಾದರೂ ತೊಂದರೆ, ಹೊಸತಾದರೂ ತೊಂದರೆ. ಹಳತಾದರೆ ಸುಲಭ, 'ಕಂಪೈಲರ್ ಈಸ್ ಟೂ ಓಲ್ಡ್' ಎಂದು ನಕ್ಷತ್ರ ಹಾಕಿ ಹೇಳುತ್ತದೆ. ಕನಿಷ್ಠ ಎಷ್ಟು ಬೇಕೆಂಬುದು ಸೋರ್ಸ್‌ನ 'ಡಾಕ್ಯುಮೆಂಟೇಶನ್/ಪ್ರೊಸೆಸ್/ಚೇಂಜಸ್.ಆರ್‌ಎಸ್‌ಟಿ' ಕಡತದಲ್ಲಿದೆ. 6.6ಕ್ಕೆ ಜಿಸಿಸಿ 5.1 ಸಾಕು, 6.16ರಿಂದ ಆ ಮಿತಿ 8.1ಕ್ಕೆ ಏರಿದೆ. ಕಂಪೈಲರ್ ಹೊಸತಾದಾಗ ಮಾತ್ರ ದೋಷ ಮುಖ ಮರೆಸಿಕೊಂಡು ಬರುತ್ತದೆ. 2020ರಲ್ಲಿ ಜಿಸಿಸಿ 10 ಬಂದಾಗ ಹಳೆಯ ಕರ್ನಲ್‌ಗಳಲ್ಲಿ ಡಿವೈಸ್ ಟ್ರೀ ಕಂಪೈಲರ್ 'ಮಲ್ಟಿಪಲ್ ಡೆಫಿನಿಶನ್ ಆಫ್ ವೈವೈಲಾಕ್' ಎಂದು ಬಿತ್ತು: ಒಂದೇ ಗ್ಲೋಬಲ್ ಚರವನ್ನು ಎರಡು ಕಡತ ಘೋಷಿಸಿದರೆ ಅಲ್ಲಿಯವರೆಗೆ ಕಂಪೈಲರ್ ಸುಮ್ಮನಿರುತ್ತಿತ್ತು, ಆ ಆವೃತ್ತಿಯಿಂದ ಒಪ್ಪಲಿಲ್ಲ. 2025ರಲ್ಲಿ ಜಿಸಿಸಿ 15 ಸಿ23 ಅನ್ನು ಮೂಲ ಮಟ್ಟವಾಗಿ ತೆಗೆದುಕೊಂಡಿತು. ಅದರಲ್ಲಿ 'ಟ್ರೂ', 'ಫಾಲ್ಸ್', 'ಬೂಲ್' ಭಾಷೆಯದೇ ಪದಗಳು. ಕರ್ನಲ್ ತಾನು ಯಾವ ಮಟ್ಟ ಬಳಸಬೇಕೆಂದು ಹೇಳಿಕೊಂಡಿದ್ದರೂ ಎಕ್ಸ್86ರ ಬೂಟ್ ಭಾಗದಂಥ ಒಂದೆರಡು ಮೂಲೆಗಳಲ್ಲಿ ಆ ಆಯ್ಕೆ ತಲುಪುತ್ತಿರಲಿಲ್ಲ, ದೋಷ ಅಲ್ಲೇ ಬಂತು. ಮೂಲ ಸೋರ್ಸ್‌ನಲ್ಲೂ ಸ್ಟೇಬಲ್ ಸರಣಿಗಳಲ್ಲೂ ಅದನ್ನು ಸರಿಪಡಿಸಿದ್ದಾರೆ. ನಿಮ್ಮ 24.04ರಲ್ಲಿರುವುದು ಜಿಸಿಸಿ 13, 6.6ಕ್ಕೆ ಹೇಳಿ ಮಾಡಿಸಿದ ಜೋಡಿ.

ಬೇರೆ ಕಂಪೈಲರ್ ಬಳಸಲೇಬೇಕಾದರೆ 'ಸಿಸಿ=ಜಿಸಿಸಿ-12' ಎಂದು ಪ್ರತಿ ಮೇಕ್ ಆಜ್ಞೆಗೂ ಕೊಡಬೇಕು, ಕಾನ್ಫಿಗ್ ಆಜ್ಞೆಗೂ ಕೂಡ. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಮರೆತರೆ ಕಂಪೈಲರ್ ಬದಲಾಯಿತೆಂದು ಎಲ್ಲವನ್ನೂ ಮೊದಲಿಂದ ಕಟ್ಟುತ್ತದೆ. ರಾಸ್ಪ್‌ಬೆರಿ ಪೈಯಂಥ ಆರ್ಮ್ ಬೋರ್ಡ್‌ಗೆ ಕಂಪೈಲ್ ಮಾಡುವವರಿಗೆ ಇದು ಇನ್ನೂ ದುಬಾರಿ: 'ಆರ್ಕ್=ಆರ್ಮ್64' ಎಂಬುದನ್ನು ಒಂದೇ ಒಂದು ಸಲ ಮರೆತು ಓಲ್ಡ್‌ಡೆಫ್‌ಕಾನ್ಫಿಗ್ ಕೊಟ್ಟರೆ ಇಡೀ ಕಾನ್ಫಿಗ್ ಎಕ್ಸ್86ದಾಗಿಬಿಡುತ್ತದೆ. ಆರ್ಕ್ ಅನ್ನು 'ಎಕ್ಸ್‌ಪೋರ್ಟ್' ಮಾಡಿಟ್ಟುಕೊಂಡೇ ಕೂರಬೇಕು.

ಈಗ ಎಂಆರ್‌ಪ್ರಾಪರ್ ವಿಷಯ. ದಯವಿಟ್ಟು ಅದನ್ನು ಬಿಟ್ಟುಬಿಡಿ. 'ಮೇಕ್ ಕ್ಲೀನ್' ಆಬ್ಜೆಕ್ಟ್ ಕಡತಗಳನ್ನು ಅಳಿಸಿ ಕಾನ್ಫಿಗ್ ಉಳಿಸುತ್ತದೆ, ಎಂಆರ್‌ಪ್ರಾಪರ್ '.ಕಾನ್ಫಿಗ್' ಅನ್ನೂ ಅಳಿಸುತ್ತದೆ, ನೀವು ಸರಿಪಡಿಸಿದ ಸರ್ಟಿಫಿಕೇಟ್ ಸಾಲುಗಳೂ ಅದರ ಜತೆ ಹೋದವು. ಪ್ಯಾಕೇಜ್ ಹಾಕಿದ ಮೇಲೆ, ಕಾನ್ಫಿಗ್ ತಿದ್ದಿದ ಮೇಲೆ ಎರಡರಲ್ಲಿ ಯಾವುದೂ ಬೇಡ. ಸುಮ್ಮನೆ 'ಮೇಕ್' ಕೊಡಿ, ಯಾವ ಕಡತಕ್ಕೆ ಯಾವ ಆಯ್ಕೆ ತಾಗುತ್ತದೆಂದು ಬಿಲ್ಡ್ ವ್ಯವಸ್ಥೆಗೆ ಗೊತ್ತು, ಅಷ್ಟನ್ನೇ ಮತ್ತೆ ಕಟ್ಟುತ್ತದೆ. ಸೋರ್ಸ್ ಶುಚಿಯಾಗಿರಲಿ ಎನ್ನುವುದಾದರೆ 'ಒ=../ಬಿಲ್ಡ್' ಎಂದು ಕೊಟ್ಟು ಬೇರೆ ಫೋಲ್ಡರ್‌ನಲ್ಲಿ ಕಟ್ಟಿ. ಆಗ ಮಾತ್ರ, ಮೊದಲೊಮ್ಮೆ ಸೋರ್ಸ್ ಒಳಗೇ ಕಟ್ಟಿದ್ದರೆ, 'ಸೋರ್ಸ್ ಟ್ರೀ ಈಸ್ ನಾಟ್ ಕ್ಲೀನ್' ಎಂದು ಅದೇ ಎಂಆರ್‌ಪ್ರಾಪರ್ ಕೇಳುತ್ತದೆ. ಕಾನ್ಫಿಗ್ ಬೇರೆಡೆ ಎತ್ತಿಟ್ಟುಕೊಂಡು ಒಮ್ಮೆ ಮಾಡಿ.

ಸಮಯ ಉಳಿಸುವ ದೊಡ್ಡ ಉಪಾಯ ಇದಲ್ಲ, 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್'. ಉಬುಂಟುವಿನ ಕಾನ್ಫಿಗ್ ಲೋಕದ ಎಲ್ಲ ಯಂತ್ರಾಂಶಕ್ಕೂ ಸೇರಿ ಸಾವಿರಾರು ಮಾಡ್ಯೂಲ್ ಕಟ್ಟುತ್ತದೆ. ಈ ಆಜ್ಞೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಈ ಕ್ಷಣ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಉಳಿಸುತ್ತದೆ. 'ಈ ಕ್ಷಣ' ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಆಜ್ಞೆ ಕೊಡುವ ಮೊದಲು ಪೆನ್‌ಡ್ರೈವ್ ಚುಚ್ಚಿ, ಬ್ಲೂಟೂತ್ ಆನ್ ಮಾಡಿ, ಫೋನಿನಿಂದ ಯುಎಸ್‌ಬಿ ಇಂಟರ್ನೆಟ್ ತೆಗೆದುಕೊಳ್ಳುವವರಾದರೆ ಅದನ್ನೂ ಒಮ್ಮೆ ಜೋಡಿಸಿ, ಹೊರಗಿನ ಪರದೆ ಬಳಸುವುದಿದ್ದರೆ ಅದನ್ನೂ. ಮರೆತದ್ದು ಹೊಸ ಕರ್ನಲ್‌ನಲ್ಲಿ ಕೆಲಸ ಮಾಡುವುದಿಲ್ಲ. ಪೂರ್ತಿ ಫೋಲ್ಡರ್‌ಗಳನ್ನೇ ಉಳಿಸಿಕೊಳ್ಳಲು 'ಎಲ್‌ಎಂಸಿ_ಕೀಪ್="ಡ್ರೈವರ್ಸ್/ಯುಎಸ್‌ಬಿ:ಎಫ್‌ಎಸ್"' ಎಂದೂ ಸೇರಿಸಬಹುದು.

ಸೋರ್ಸ್ ಇಟ್ಟ ಜಾಗದ ಬಗ್ಗೆ ಎರಡು ಮಾತು. ಹಾದಿಯಲ್ಲಿ ಎಲ್ಲೂ ಖಾಲಿ ಜಾಗ ಅಥವಾ ಕೋಲನ್ ಇರಬಾರದು, 'ಫೈನಲ್ ಇಯರ್ ಪ್ರಾಜೆಕ್ಟ್' ಎಂದು ಫೋಲ್ಡರ್‌ಗೆ ಹೆಸರಿಟ್ಟರೆ ಮೇಕ್ ಹೊರಡುವುದೇ ಇಲ್ಲ. ವಿಂಡೋಸ್ ಜತೆ ಹಂಚಿಕೊಂಡ ಡ್ರೈವ್‌ನಲ್ಲಾಗಲಿ, ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಬಳಸುವವರು ಸಿ ಡ್ರೈವ್‌ನಲ್ಲಾಗಲಿ ಸೋರ್ಸ್ ಬಿಚ್ಚಬಾರದು. ಕರ್ನಲ್‌ನ ನೆಟ್‌ಫಿಲ್ಟರ್ ಫೋಲ್ಡರ್‌ನಲ್ಲಿ ದೊಡ್ಡಕ್ಷರದ 'ಟಿಸಿಪಿಎಂಎಸ್‌ಎಸ್' ಮತ್ತು ಸಣ್ಣಕ್ಷರದ ಅದೇ ಹೆಸರು, ಹೀಗೆ ಎರಡು ಬೇರೆ ಕಡತಗಳಿವೆ. ಅಕ್ಷರದ ಗಾತ್ರ ಲೆಕ್ಕಿಸದ ಕಡತ ವ್ಯವಸ್ಥೆಯಲ್ಲಿ ಒಂದರ ಮೇಲೊಂದು ಕುಳಿತು ಒಂದು ಮಾಯವಾಗುತ್ತದೆ. ವರ್ಚುವಲ್ ಯಂತ್ರದಲ್ಲಿ 'ಕ್ಲಾಕ್ ಸ್ಕ್ಯೂ' ಎಂಬ ಎಚ್ಚರಿಕೆ ಕಂಡರೆ ಗಡಿಯಾರ ಸರಿಮಾಡಿ ಮುಂದುವರಿಯಿರಿ. ಮೇಕ್ ಕಡತಗಳ ಸಮಯ ನೋಡಿಯೇ ತೀರ್ಮಾನಿಸುವುದರಿಂದ ಅದನ್ನು ಕಡೆಗಣಿಸುವ ಹಾಗಿಲ್ಲ.

ಹಾಗಾದರೆ ನಿಮ್ಮ ಗಣಕದಲ್ಲಿ ಕ್ರಮ ಹೀಗಿರಲಿ: ಮೇಲಿನ ಪ್ಯಾಕೇಜ್‌ಗಳೆಲ್ಲ; ಉಬುಂಟುವಿನ ಕಾನ್ಫಿಗ್ ನಕಲು; ಲೋಕಲ್‌ಮಾಡ್‌ಕಾನ್ಫಿಗ್, ಅದು ಕೇಳುವ ಪ್ರಶ್ನೆಗಳಿಗೆಲ್ಲ ಎಂಟರ್; ಸರ್ಟಿಫಿಕೇಟ್‌ನ ಎರಡು ಸಾಲು ಖಾಲಿ; ಡೀಬಗ್ ಮಾಹಿತಿ ಬೇಡ; ಓಲ್ಡ್‌ಡೆಫ್‌ಕಾನ್ಫಿಗ್; ಬ್ರೌಸರ್ ಮುಚ್ಚಿ 'ಮೇಕ್ -ಜೆ4 ಬಿನ್‌ಡೆಬ್-ಪಿಕೆಜಿ ಲೋಕಲ್‌ವರ್ಷನ್=-ಪ್ರಾಜೆಕ್ಟ್'. ನೇರವಾಗಿ 'ಮೇಕ್ ಇನ್‌ಸ್ಟಾಲ್' ಮಾಡುವುದಕ್ಕಿಂತ ಹೀಗೆ ಡೆಬ್ ಪ್ಯಾಕೇಜ್ ಮಾಡಿಕೊಂಡರೆ ಬೇಡವಾದಾಗ ಆಪ್ಟ್‌ನಿಂದಲೇ ತೆಗೆಯಬಹುದು. ಮೇಲಿನ ಫೋಲ್ಡರ್‌ನಲ್ಲಿ ಸಿಗುವ 'ಲಿನಕ್ಸ್-ಇಮೇಜ್' ಮತ್ತು 'ಲಿನಕ್ಸ್-ಹೆಡರ್ಸ್' ಎರಡನ್ನೂ 'ಡಿಪಿಕೆಜಿ -ಐ' ಮಾಡಿ. ಹೆಡರ್ಸ್ ಬಿಟ್ಟರೆ ಹೊರಗಿನ ಡ್ರೈವರ್‌ಗಳನ್ನು ಪ್ರತಿ ಕರ್ನಲ್‌ಗೂ ತಾನಾಗಿ ಕಟ್ಟಿಕೊಡುವ ಡಿಕೆಎಂಎಸ್ ಅವುಗಳನ್ನು ಕಟ್ಟಲಾರದು. ಡೀಬಗ್ ಮಾಹಿತಿ ಉಳಿಸಿಕೊಂಡು 'ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್' ಮಾಡುವವರು 'ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1' ಸೇರಿಸಲೇಬೇಕು; ಇಲ್ಲವಾದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಲೋಡ್ ಆಗುವ, ಡ್ರೈವರ್‌ಗಳಿರುವ ಕಡತ) ವಿಪರೀತ ಊದಿಕೊಂಡು ಬೂಟ್ ವಿಭಾಗ ತುಂಬುತ್ತದೆ.

ನಿಮ್ಮ ಪ್ರಾಜೆಕ್ಟ್‌ನ ಮಾಡ್ಯೂಲ್ ಅನ್ನು ಪ್ರತ್ಯೇಕವಾಗಿ ಕಟ್ಟುವಾಗ 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಎಂದು ಬಂದರೆ 'ಮಾಡ್‌ಇನ್ಫೋ' ತೋರಿಸುವ ವರ್ಮ್ಯಾಜಿಕ್ ಸಾಲಿನ ಮೊದಲಲ್ಲಿರುವ ಆವೃತ್ತಿ ಹೆಸರನ್ನೂ 'ಯುನೇಮ್ -ಆರ್' ತೋರಿಸುವುದನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ. ಕೊನೆಯ '-ಪ್ರಾಜೆಕ್ಟ್' ಎಂಬ ಬಾಲ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಕರ್ನಲ್ ಸ್ವೀಕರಿಸದಿರಬಹುದು. ಕರ್ನಲ್ ಕಟ್ಟಿದ ಕಂಪೈಲರ್‌ನಿಂದಲೇ ಮಾಡ್ಯೂಲ್ ಕೂಡ ಕಟ್ಟಬೇಕು. ಉಬುಂಟು 22.04ರಲ್ಲಿ ಹೊಸ 6.x ಕರ್ನಲ್ ಹಾಕಿಕೊಂಡವರಿಗೆ '-ಎಫ್‌ಟ್ರಿವಿಯಲ್-ಆಟೊ-ವಾರ್-ಇನಿಟ್' ಗೊತ್ತಿಲ್ಲ ಎಂಬ ದೋಷ ಬರುತ್ತಿದ್ದುದು ಇದೇ ಕಾರಣಕ್ಕೆ: ಕರ್ನಲ್ ಕಟ್ಟಿದ್ದು ಜಿಸಿಸಿ 12ರಲ್ಲಿ, ಗಣಕದಲ್ಲಿದ್ದದ್ದು 11.

ರೀಸ್ಟಾರ್ಟ್ ಮಾಡುವ ಮೊದಲು 'ಮೊಕ್‌ಯುಟಿಲ್ --ಎಸ್‌ಬಿ-ಸ್ಟೇಟ್' ಕೊಟ್ಟು ನೋಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ನೀವು ಕಟ್ಟಿದ ಕರ್ನಲ್‌ಗೆ ಸಹಿ ಇಲ್ಲದ ಕಾರಣ ಬೂಟ್‌ಲೋಡರ್ ಆದ ಗ್ರಬ್ 'ಬ್ಯಾಡ್ ಶಿಮ್ ಸಿಗ್ನೇಚರ್' ಎಂದು ತಡೆಯುತ್ತದೆ. ಪ್ರಾಜೆಕ್ಟ್ ಮುಗಿಯುವವರೆಗೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವುದು ಸುಲಭದ ದಾರಿ. ಆದರೆ ಅದೇ ಡಿಸ್ಕ್‌ನಲ್ಲಿ ಬಿಟ್‌ಲಾಕರ್ ಹಾಕಿದ ವಿಂಡೋಸ್ ಇದ್ದರೆ ಅದರ ರಿಕವರಿ ಕೀ ಮೊದಲು ಬರೆದಿಟ್ಟುಕೊಳ್ಳಿ. ಬೂಟ್ ಆಗುವಾಗ 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)' ಎಂದು ನಿಂತರೆ ಗಾಬರಿ ಬೇಡ. ಇನಿಟ್‌ರಾಮ್‌ಎಫ್‌ಎಸ್ ತಯಾರಾಗಿಲ್ಲ ಅಥವಾ ಡಿಸ್ಕ್‌ನ ಡ್ರೈವರ್ ಕಾನ್ಫಿಗ್‌ನಿಂದ ಬಿದ್ದುಹೋಗಿದೆ. ಗ್ರಬ್ ಮೆನುವಿನ 'ಅಡ್ವಾನ್ಸ್ಡ್ ಆಪ್ಶನ್ಸ್' ಒಳಗೆ ಉಬುಂಟುವಿನ ಹಳೆಯ ಕರ್ನಲ್ ಹಾಗೆಯೇ ಇರುತ್ತದೆ. ಅದರಿಂದ ಒಳಗೆ ಬಂದು 'ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ' ಜತೆ ಹೊಸ ಕರ್ನಲ್‌ನ ಪೂರ್ತಿ ಆವೃತ್ತಿ ಹೆಸರು ಕೊಡಿ, ನಂತರ 'ಸುಡೋ ಅಪ್‌ಡೇಟ್-ಗ್ರಬ್'. ಹೊಸದು ಒಂದೆರಡು ವಾರ ಸರಿಯಾಗಿ ಓಡುವವರೆಗೆ ಆ ಹಳೆಯ ಕರ್ನಲ್ ಅನ್ನು ತೆಗೆಯಬೇಡಿ.